ಪ್ಯಾಕೇಜಿನಲ್ಲಿ ಇಲ್ಲದ ಪತ್ರ

ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕನಾಗಿ ನಾನು ದುಡಿದ ಅಷ್ಟೂ ವರ್ಷ ನನ್ನ ಚೀಲದಲ್ಲಿ ಎರಡು ವಹಿಗಳಿರುತ್ತಿದ್ದವು. ಒಂದು, ಇಲಾಖೆಯ ನಿಯಮದಂತೆ ಬರೆಯಬೇಕಾದ ಪಾಠ ಟಿಪ್ಪಣಿ. ಅದಕ್ಕೆ ಮುಖ್ಯೋಪಾಧ್ಯಾಯರು ವಾರಕ್ಕೊಮ್ಮೆ ಸಹಿ ಹಾಕುತ್ತಿದ್ದರು. ಇನ್ನೊಂದನ್ನು ಯಾರೂ ನೋಡಿಲ್ಲ. ಮರುದಿನ ತರಗತಿಯಲ್ಲಿ ನಾನು ಇಂಗ್ಲಿಷಿನಲ್ಲಿ ಆಡಬೇಕಾದ ಪ್ರತಿಯೊಂದು ಮಾತನ್ನೂ ಅದರಲ್ಲಿ ಕನ್ನಡ ಲಿಪಿಯಲ್ಲಿ ಬರೆದು, ಹತ್ತು ಸಲ ಓದಿ, ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ. ‘ಓಪನ್ ಯುವರ್ ಬುಕ್ಸ್’ ಎಂಬುದನ್ನೂ ಬಿಟ್ಟಿರಲಿಲ್ಲ. ಕುರಿ ಕಾಯುವ ಮನೆಯಿಂದ ಮೊದಲ ಬಾರಿಗೆ ಪದವಿ ಪಡೆದವನು ನಾನು. ನನ್ನ ತಂದೆ ಹೆಬ್ಬೆಟ್ಟು ಒತ್ತುತ್ತಿದ್ದರು. ತರಗತಿಯಲ್ಲಿ ಬರೆದುಕೊಳ್ಳದ ಒಂದು ವಾಕ್ಯ ಬಾಯಿಂದ ಬಂದು, ಅದು ತಪ್ಪಾಗಿ, ಯಾರಾದರೂ ಅದನ್ನು ಕೇಳಿಸಿಕೊಂಡರೆ ನನ್ನನ್ನು ಹೊಲಕ್ಕೆ ವಾಪಸು ಕಳಿಸುತ್ತಾರೆ ಎಂಬ ಭಯ ನನಗಿತ್ತು. ಭಯ ಎಂಬ ಪದವನ್ನು ಇಲ್ಲಿ ಯೋಚಿಸಿಯೇ ಬಳಸಿದ್ದೇನೆ.

ಹೊಸದಾಗಿ ನೇಮಕವಾಗಿ ಬರುತ್ತಿರುವ ಶಿಕ್ಷಕ ಮಿತ್ರರು ‘ನಿಮ್ಮ ಅನುಭವ ಬರೆದುಕೊಡಿ’ ಎಂದು ಕೇಳಿದ್ದಾರೆ. ಬಡ್ತಿ, ವರ್ಗಾವಣೆಯ ದಿನಾಂಕ, ಬೀಳ್ಕೊಡುಗೆಯ ಶಾಲು ಇವುಗಳಿಂದ ನಿಮಗೆ ಉಪಯೋಗವಿಲ್ಲ. ಒಬ್ಬ ವಿದ್ಯಾರ್ಥಿನಿಯ ವಿಷಯದಲ್ಲಿ ನಾನು ಎರಡು ಸಲ ತಪ್ಪಿದೆ. ಅದನ್ನು ಬರೆಯುತ್ತೇನೆ.

ನನ್ನ ಮೊದಲ ಶಾಲೆ ವಿಜಯಪುರ ಜಿಲ್ಲೆಯ ಕಾಖಂಡಕಿಯ ಆಚೆಗಿನ ಒಂದು ಹಳ್ಳಿಯಲ್ಲಿತ್ತು. ಬಬಲೇಶ್ವರಕ್ಕೆ ಬಂದು ಅಲ್ಲಿಂದ ಇನ್ನೊಂದು ಬಸ್ ಹಿಡಿಯಬೇಕಿತ್ತು. ಬಿರಾದಾರ ಸರ್ ಅಲ್ಲಿ ಮುಖ್ಯೋಪಾಧ್ಯಾಯರು. ಗಣಿತದವರು, ಎತ್ತರದ ಆಳು, ಸದ್ದಿಲ್ಲದ ಚಪ್ಪಲಿ. ತರಗತಿಯ ಬಾಗಿಲ ಹೊರಗೆ ನಿಂತು ಪಾಠ ಕೇಳುವುದು ಅವರ ಅಭ್ಯಾಸ. ಅವರು ಅಲ್ಲಿದ್ದಾರೆಂದು ಕಿಟಕಿಯ ಬದಿಯ ಮಕ್ಕಳ ಬೆನ್ನು ನೆಟ್ಟಗಾದಾಗಲೇ ನಮಗೆ ತಿಳಿಯುತ್ತಿತ್ತು.

ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಒಂದು ಪದವೂ ಬರಕೂಡದು ಎಂಬ ಮಾತು ಆಗಿನ ತರಬೇತಿಗಳಲ್ಲಿ ಜೋರಾಗಿತ್ತು. ನಾನು ಅದನ್ನು ಅಕ್ಷರಶಃ ಪಾಲಿಸಿದೆ. ಒಂಬತ್ತನೆಯ ತರಗತಿಯಲ್ಲಿ ಸಾಮಾನ್ಯ ವರ್ತಮಾನ ಕಾಲದ ಪಾಠ ನಡೆಯುತ್ತಿದ್ದ ದಿನ ವಿಷಯ ಪರಿವೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಬಿರಾದಾರ ಸರ್ ಬಾಗಿಲಲ್ಲಿ ನಿಂತರು. ದಿನಾಲೂ ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದೆ. ಯಾರೂ ಏಳಲಿಲ್ಲ. ಕೊನೆಗೆ ಮೂರನೆಯ ಸಾಲಿನಿಂದ ನೀಲವ್ವ ಎಂಬ ಹುಡುಗಿ ಎದ್ದು ನಿಂತಳು. ನಮ್ಮಂತೆಯೇ ಕುರಿ ಸಾಕುವವರ ಮನೆಯವಳು.

‘ಐ ಗೋ ಟು ವೆಲ್ ರೀ ಸರ್,’ ಎಂದಳು.

ಹಿಂದಿನ ಬೆಂಚಿನಿಂದ ಪರಿವೀಕ್ಷಕರು ನಕ್ಕ ಸದ್ದು ಕೇಳಿಸಿತು. ನಾನು ಬೆವತೆ. ‘ನೋ ರೀ. ಸೇ ಅಗೇನ್,’ ಎಂದೆ.

‘ಐ ಗೋ ಟು ವೆಲ್ ರೀ ಸರ್.’

ತರಗತಿಯೂ ನಕ್ಕಿತು. ನಾನು ನಿಯಮ ಮುರಿದು ಕನ್ನಡಕ್ಕೆ ಇಳಿದೆ. ‘ರೀ ತೆಗೆದು ಹೇಳು!’

ಅವಳು ತಲೆ ತಗ್ಗಿಸಿ, ನನಗಷ್ಟೇ ಕೇಳುವಂತೆ, ‘ಹಂಗ ಹೆಂಗ ಅನ್ಲಿರಿ ಸರ್? ನೀವು ದೊಡ್ಡವರು,’ ಎಂದಳು.

ಗಂಟೆ ಬಾರಿಸುವವರೆಗೂ ಅವಳನ್ನು ನಿಲ್ಲಿಸಿದೆ.

ಪರಿವೀಕ್ಷಕರು ಹೋದ ಮೇಲೆ ಬಿರಾದಾರ ಸರ್ ನನ್ನನ್ನು ಕರೆದರು. ‘ಏನ್ರಿ ಮಾಸ್ತರ, ಆ ಹುಡುಗಿ ದಿನಾ ಭಾಂವಿಗಿ ಹೋಗ್ತಾಳಂತ ನಂಗ ತಿಳೀತು. ನಾ ಗಣಿತದಾಂವ. ಇಂಗ್ಲೀಷ್ ಮಾಸ್ತರಿಗಿ ಯಾಕ ತಿಳೀಲಿಲ್ಲ?’

‘ಸರ್, ತಪ್ಪು ತಿದ್ದಬೇಕಲ್ರಿ?’

‘ತಿದ್ರಿ. ಆದ್ರ ತಿದ್ದಾಕ ಮುಂದ ಒಂದು ವಾಕ್ಯ ಇರಬೇಕಲ್ಲ. ನಾಳಿಂದ ಆಕಿ ಬಾಯಿ ತಗದ್ರ ನಂಗ ಹೇಳ್ರಿ.’

ಅವರ ಮಾತಿನಿಂದ ನನಗೆ ಅವಮಾನವೆನಿಸಿತು. ಒಂದು ತಿಂಗಳು ಅವರೊಡನೆ ನೆಟ್ಟಗೆ ಮಾತನಾಡಲಿಲ್ಲ. ಆದರೆ ಅವರು ಹೇಳಿದಂತೆಯೇ ಆಯಿತು. ಆ ವರ್ಷ, ಮುಂದಿನ ವರ್ಷ, ನೀಲವ್ವ ನನ್ನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಹೆಸರು ಕರೆದರೆ ಏಳುತ್ತಿದ್ದಳು, ನೆಲ ನೋಡುತ್ತಿದ್ದಳು, ಕೂರುತ್ತಿದ್ದಳು. ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾದಳು. ಬೇಸಿಗೆಯಲ್ಲಿ ಅವಳನ್ನು ಟಿಕೋಟಾ ಕಡೆ ಮದುವೆ ಮಾಡಿಕೊಟ್ಟರೆಂದು ಕೇಳಿದೆ. ಅಷ್ಟೆಲ್ಲ ಗದರಿದ್ದೆನಲ್ಲ, ಆ ವಾಕ್ಯದಲ್ಲಿ ನಿಜವಾಗಿ ತಿದ್ದಬೇಕಾದ ಜಾಗ ಬೇರೆಯೇ ಇತ್ತು: ‘ವೆಲ್’ಗೆ ಮೊದಲು ‘ದ’ ಬಿಟ್ಟುಹೋಗಿತ್ತು. ಅಂದು ಅದು ನನಗೆ ಕಾಣಿಸಿರಲೇ ಇಲ್ಲ.

ಕಲಿಸುವ ವಿಧಾನವನ್ನು ನಾನು ನಿಧಾನವಾಗಿ ಬದಲಾಯಿಸಿಕೊಂಡೆ. ಕೆಲಸಕ್ಕೆ ಬಂದ ಒಂದೆರಡು ಸಂಗತಿಗಳನ್ನು ಹೇಳುತ್ತೇನೆ. ಮೂವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬನಿಗೆ ‘ನಾನು’, ಒಬ್ಬನಿಗೆ ‘ರೊಟ್ಟಿ’, ಒಬ್ಬಳಿಗೆ ‘ತಿನ್ನುತ್ತೇನೆ’ ಎಂದು ಹೆಸರಿಡುತ್ತಿದ್ದೆ. ಕನ್ನಡ ಮುಗಿದು ಇಂಗ್ಲಿಷ್ ಬಂತು ಎಂದ ಕೂಡಲೇ ಕೊನೆಯಲ್ಲಿದ್ದ ‘ತಿನ್ನುತ್ತೇನೆ’ ಓಡಿಬಂದು ನಡುವೆ ನಿಲ್ಲಬೇಕು. ಕ್ರಿಯಾಪದಕ್ಕೆ ಇಂಗ್ಲಿಷಿನಲ್ಲಿ ಎಲ್ಲಿ ಜಾಗ ಎಂಬುದನ್ನು ಕಾಲಿನಿಂದ ಕಲಿತ ಮಕ್ಕಳು ಮರೆಯುತ್ತಿರಲಿಲ್ಲ. ರೊಟ್ಟಿಯಾಗಲು ಮಾತ್ರ ಜಗಳ ಬೀಳುತ್ತಿತ್ತು. ‘ಸರ್, ನಿನ್ನೇನೂ ಇಂವಾನ ರೊಟ್ಟಿ ಆಗ್ಯಾನ್ರಿ!’

ಇನ್ನೊಂದು ಸಂಗತಿ. ನಮ್ಮ ಮಕ್ಕಳು ‘ಹಿ ಹ್ಯಾಸ್ ಕಮ್ ಯೆಸ್ಟರ್ಡೇ’ ಎಂದು ಬರೆಯುತ್ತಾರೆ. ನಾನು ಅದನ್ನು ದಡ್ಡತನವೆಂದು ತಿಳಿದು ವರ್ಷಗಟ್ಟಲೆ ಗೀಟು ಹಾಕಿದೆ. ನಮ್ಮ ಮನೆಗಳಲ್ಲಿ ‘ನಿನ್ನಿ ಬಂದಾನ’, ಅಂದರೆ ‘ನಿನ್ನೆ ಬಂದಿದ್ದಾನೆ’, ಎನ್ನುತ್ತೇವೆ. ಮಗು ತನ್ನ ಮನೆಯ ಮಾತನ್ನು ನಿಷ್ಠೆಯಿಂದ ಇಂಗ್ಲಿಷಿಗೆ ದಾಟಿಸಿದೆ, ಅಷ್ಟೇ. ಅದನ್ನು ತಿದ್ದುವ ಮೊದಲು, ಅದು ಎಲ್ಲಿಂದ ಬಂತೆಂಬುದು ನಿಮಗೆ ತಿಳಿದಿರಲಿ.

ಇಷ್ಟೆಲ್ಲ ಕಲಿತೂ ನಾನು ಹಿಂದಕ್ಕೆ ಹೋದೆ. ಫಲಿತಾಂಶ ಕಡಿಮೆಯಾದ ಶಿಕ್ಷಕರಿಗೆ ನೋಟಿಸು ಬರುವ ಕಾಲ ಬಂತು. ಅದರ ಜೊತೆಗೇ ಪಾಸಿಂಗ್ ಪ್ಯಾಕೇಜ್ ಬಂತು. ಹಿಂದುಳಿದ ಮಕ್ಕಳಿಗೆ ಪಾಸಾಗುವಷ್ಟೇ ಅಂಕ ಬರುವಂತೆ ಆಯ್ದ ಪ್ರಶ್ನೋತ್ತರಗಳ ತೆಳ್ಳನೆಯ ಪುಸ್ತಕ ಅದು. ಎರಡು ಪತ್ರ, ಎರಡು ಪ್ರಬಂಧ, ಒಂದು ಪದ್ಯ. ಯಾವ ಪತ್ರ ಕೇಳಿದರೂ ಮೇಲೆ ವಿಳಾಸ, ದಿನಾಂಕ, ನಡುವೆ ಪರೀಕ್ಷೆಯ ತಯಾರಿಯ ಬಗ್ಗೆ ತಂದೆಗೆ ಬರೆದ ಅದೇ ನಾಲ್ಕು ಸಾಲು, ಕೆಳಗೆ ಸಹಿ. ಏನಾದರೂ ಅಂಕ ಸಿಕ್ಕೇ ಸಿಗುತ್ತದೆ. ಪ್ಯಾಕೇಜ್ ಬಂದ ಮೇಲೆ ನನ್ನ ವಿಷಯದ ಫಲಿತಾಂಶ ಏರಿತು. ಸಾಲು ನಿಲ್ಲಿಸುವ ಆಟ ನಿಂತಿತು. ಪ್ಯಾಕೇಜನ್ನು ಚೆನ್ನಾಗಿ ಬಾಯಿಪಾಠ ಮಾಡಿಸುವವನೆಂದು ನನಗೆ ಹೆಸರೂ ಬಂತು. ಬಾಯಿಪಾಠದ ವಿದ್ಯೆ ನನಗೆ ಮೊದಲಿನಿಂದಲೂ ಗೊತ್ತಿದ್ದದ್ದೇ.

ಟಿಕೋಟಾ ಕಡೆಯ ಶಾಲೆಯೊಂದಕ್ಕೆ ನಾನು ವರ್ಗವಾಗಿ ಬಂದಿದ್ದೆ. ಒಂದು ಮಧ್ಯಾಹ್ನ ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಲವತ್ತರ ಹತ್ತಿರದ ಒಬ್ಬ ಹೆಂಗಸು ಚೀಲ ಹಿಡಿದು ನಿಂತಿದ್ದಳು.

‘ಸರ್, ಗುರ್ತ ಸಿಕ್ತೇನ್ರಿ? ನಾ ನೀಲವ್ವರಿ. ಕಾಖಂಡಕಿ ಕಡಿ ಸಾಲ್ಯಾಗ...’

ಗುರುತು ಸಿಕ್ಕಿತ್ತು. ಹೆಸರು ಹೇಳುವ ಮೊದಲೇ ಸಿಕ್ಕಿತ್ತು. ಅವಳು ತಲೆ ತಗ್ಗಿಸಿದ ರೀತಿಯಿಂದ.

ಅವಳು ಹೇಳಿದ್ದು ಇಷ್ಟು. ಹಳ್ಳಿಯ ಅಂಗನವಾಡಿಯಲ್ಲಿ ಹದಿನಾರು ವರ್ಷದಿಂದ ಸಹಾಯಕಿ. ಗಂಡ ದ್ರಾಕ್ಷಿ ತೋಟದಲ್ಲಿ ದುಡಿಯುತ್ತಾನೆ. ಅಂಗನವಾಡಿಯ ಕಾರ್ಯಕರ್ತೆ ಬರುವ ಮಳೆಗಾಲದಲ್ಲಿ ನಿವೃತ್ತಳಾಗುತ್ತಾಳೆ. ಸಹಾಯಕಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಆ ಜಾಗ ಅವಳಿಗೇ ಕೊಡುತ್ತಾರೆ. ಖಾಸಗಿಯಾಗಿ ಎರಡು ಸಲ ಕುಳಿತಾಗಿತ್ತು. ಎರಡು ಸಲವೂ ಇಂಗ್ಲಿಷ್ ಒಂದೇ ಉಳಿದಿತ್ತು. ಬೇಸಿಗೆಯ ಪರೀಕ್ಷೆಯೇ ಕೊನೆಯದು. ಅದರ ನಂತರ ಪಾಸಾದರೆ ಜಾಗ ಇರುವುದಿಲ್ಲ, ವಯಸ್ಸೂ ಮೀರುತ್ತದೆ.

‘ಹೊಸಬರು ಬಂದರೆ ನಿನ್ನ ಕೆಲಸವೇನೂ ಹೋಗುವುದಿಲ್ಲವಲ್ಲ?’ ಎಂದೆ.

‘ಹೋಗೂದಿಲ್ರಿ. ಆದ್ರ ಅರ್ಜಿ ಹಾಕಾಕ ಕುಂತಾಕಿ ಯಾರಂತೀರಿ? ನಮ್ಮ ಅಂಗನವಾಡ್ಯಾಗ ಬೆಳದಾಕಿ. ನಾನ ಮೂಗ ಒರಸಿ, ನಾನ ಉಪ್ಪಿಟ್ಟು ಉಣಿಸಿ ದೊಡ್ಡಾಕಿನ ಮಾಡೇನಿ. ನಾಳಿಗಿ ಆಕಿ ಕುರ್ಚ್ಯಾಗ ಕುಂತು, “ನೀಲವ್ವಾ, ಕಸಾ ಹೊಡಿ” ಅಂತಾಳ್ರಿ. ಹೊಡೀತೇನಿ. ಆದ್ರ ಸರ್...’

ಅವಳು ನನ್ನ ಹತ್ತಿರವೇ ಯಾಕೆ ಬಂದಳು? ಆ ದಿನ ಗಂಟೆ ಬಾರಿಸುವವರೆಗೂ ನಿಂತದ್ದು ಅವಳಿಗೆ ನೆನಪಿದೆಯೋ ಇಲ್ಲವೋ? ಕೇಳುವ ಧೈರ್ಯ ನನಗಾಗಲಿಲ್ಲ. ‘ನಾಳೆಯಿಂದ ಸಂಜೆ ನಾಲ್ಕೂವರೆಗೆ ಅಂಗನವಾಡಿಗೆ ಬರುತ್ತೇನೆ’ ಎಂದಷ್ಟೇ ಹೇಳಿದೆ.

ಮಕ್ಕಳು ಹೋದ ಮೇಲೆ ಅಂಗನವಾಡಿಯ ಚಾಪೆಯ ಮೇಲೆ ಪಾಠ. ನಾನು ಪ್ಯಾಕೇಜ್ ತೆರೆದೆ. ಪರಿಸರ ಮಾಲಿನ್ಯದ ಪ್ರಬಂಧ. ಅವಳು ಕಣ್ಣುಮುಚ್ಚಿ ಒಪ್ಪಿಸುತ್ತಿದ್ದಳು. ನಾಲ್ಕನೆಯ ಸಾಲಿನಲ್ಲಿ ಒಂದು ಪದ ಜಾರಿದರೆ ಇಡೀ ಪ್ರಬಂಧ ನಿಂತುಬಿಡುತ್ತಿತ್ತು. ಮತ್ತೆ ಮೊದಲಿನಿಂದ. ಹದಿನೈದು ದಿನ ಹೀಗೇ ಹೋಯಿತು. ಪರೀಕ್ಷೆಗೆ ಎರಡು ತಿಂಗಳು ಉಳಿಯಿತು. ಅವಳು ಸೋತಳು. ನಾನು ಗದರಲು ಬಾಯಿ ತೆರೆಯುವುದು, ಹಳೆಯದು ನೆನಪಾಗಿ ಮುಚ್ಚುವುದು.

ಒಂದು ಸಂಜೆ ಒಂದು ಮಗುವಿನ ತಾಯಿ ಬರುವುದು ತಡವಾಯಿತು. ನಾನು ಗೋಡೆಗೆ ಒರಗಿ ಕಾಯುತ್ತಿದ್ದೆ. ನೀಲವ್ವ ಆ ಮಗುವಿನ ಹಿಂದೆ ಓಡಾಡುತ್ತ ಮಾತನಾಡುತ್ತಿದ್ದಳು. ‘ಚಪ್ಪಲಿ ಹಾಕ್ಕೋ. ಕೈ ತೊಳಿ. ನಿನ್ನಿ ಎಷ್ಟು ಹುಡುಗೂರು ಬಂದಿದ್ರು? ಹನ್ನೊಂದು. ಇವತ್ತ ಒಂಬತ್ತು. ನಾಳೆ ನಿನ್ನ ತಕ್ಕಡ್ಯಾಗ ಕುಂದರಸ್ತೇನಿ, ಅಳಬ್ಯಾಡ.’

ನಾನು ವಹಿ ತೆಗೆದು ಬರೆದುಕೊಂಡೆ. ನಿನ್ನೆ, ಇವತ್ತು, ನಾಳೆ. ನಾನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಕೋಷ್ಟಕ ಎಳೆದು ಕಲಿಸಿದ ಮೂರು ಕಾಲಗಳು ಒಂದು ಮಗುವಿನ ಮುಂದೆ ಒಂದೇ ಉಸಿರಿನಲ್ಲಿ ಬಂದಿದ್ದವು. ತಾಯಿ ಬಂದು ಮಗುವನ್ನು ಕರೆದುಕೊಂಡು ಹೋದ ಮೇಲೆ ಆ ಮಾತುಗಳನ್ನೇ ಸಣ್ಣ ಇಂಗ್ಲಿಷ್ ವಾಕ್ಯಗಳಾಗಿ ಮಾಡಿ ಅವಳ ಮುಂದಿಟ್ಟೆ. ‘ಐ ಓಪನ್ ದ ಡೋರ್. ಐ ಫಿಲ್ ದ ವಾಟರ್. ಇಲೆವೆನ್ ಚಿಲ್ಡ್ರನ್ ಕೇಮ್ ಯೆಸ್ಟರ್ಡೇ.’

ಅವಳು ಬೆರಳಿಟ್ಟು ಓದಿದಳು. ಎರಡನೆಯ ಸಲ ಬೆರಳಿಲ್ಲದೆ ಓದಿದಳು. ಆಮೇಲೆ ನನ್ನನ್ನು ನೋಡಿದಳು.

‘ಸರ್, ಇದು ನಾನ ಅಲ್ರಿ?’

ಅಂದಿನಿಂದ ದಿನಕ್ಕೆ ಐದು ವಾಕ್ಯ. ಅಂದು ಅಂಗನವಾಡಿಯಲ್ಲಿ ನಡೆದದ್ದನ್ನು ಅವಳು ಬರೆದಿಡಬೇಕು, ಸಂಜೆ ನಾನು ನೋಡಬೇಕು. ತಪ್ಪುಗಳಿದ್ದವು, ಆದರೆ ಪದಗಳ ಸಾಲು ಸರಿಯಾಗತೊಡಗಿತು. ಯಾರು, ಏನು ಮಾಡಿದರು, ಏನನ್ನು. ಒಂದು ದಿನ ಅವಳೇ ಕೇಳಿದಳು: ‘ಈ ಇಂಗ್ಲೀಷಿನವರು ಕೆಲಸಾ ಯಾಕ ನಡುವ ಇಡ್ತಾರ್ರಿ? ನಾವು ಎಲ್ಲಾ ಹೇಳಿ, ಕೊನೀಗಿ ಕೆಲಸಾ ಹೇಳ್ತೇವಿ.’ ಇಷ್ಟು ವರ್ಷದ ಸೇವೆಯಲ್ಲಿ ನನಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಇಷ್ಟಾದರೂ ನನ್ನ ಭಯ ಹೋಗಲಿಲ್ಲ. ಪರೀಕ್ಷೆ ಹತ್ತಿರವಾದಂತೆ ಮತ್ತೆ ಪ್ಯಾಕೇಜನ್ನು ಮುಂದಿಟ್ಟೆ. ‘ಇದು ತಿಳಿಯಾಕ, ಅದು ಬರಿಯಾಕ. ಪರೀಕ್ಷ್ಯಾಗ ಪ್ಯಾಕೇಜಿನ ಪತ್ರಾನ ಬರಿ. ಸ್ವಂತದ್ದು ಬರೀಬ್ಯಾಡ. ತಪ್ಪಾದ್ರ ಒಂದು ಅಂಕಾನೂ ಸಿಗೂದಿಲ್ಲ.’

‘ಹೂಂನ್ರಿ ಸರ್,’ ಎಂದಳು.

ಪರೀಕ್ಷೆಯ ದಿನ ಕೇಂದ್ರದ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಗಂಟೆಯಾಗಿ ಮಕ್ಕಳೆಲ್ಲ ಗದ್ದಲ ಮಾಡುತ್ತ ಹೊರಬಂದ ಮೇಲೆ ಕೊನೆಗೆ ಅವಳು ಬಂದಳು. ಪ್ರಶ್ನೆಪತ್ರಿಕೆ ಕಸಿದುಕೊಂಡು ನೋಡಿದೆ. ನಿಮ್ಮ ಒಂದು ದಿನ ಹೇಗೆ ಕಳೆಯುತ್ತದೆ ಎಂದು ಗೆಳತಿಗೆ ಪತ್ರ.

‘ಪ್ಯಾಕೇಜಿನದು ಬರದಿ?’

ಅವಳು ಪೆನ್ನನ್ನು ಚೀಲಕ್ಕೆ ಹಾಕಿಕೊಂಡಳು.

‘ನೀಲವ್ವ, ಯಾವ ಪತ್ರ ಬರದಿ?’

‘ಅದು ಮೂರನೇ ಸಾಲಿಗಿ ನಿಂತುಬಿಡ್ತರಿ ಸರ್. ಆಮ್ಯಾಲ... ದಿನಾ ಬರಿಯೂದ ಬರದೆ. ಕೀಲಿ ತಗದದ್ದು, ನೀರ ತುಂಬಿದ್ದು, ತೂಕ ಹಾಕಿದ್ದು.’

‘ವಿಳಾಸ? ದಿನಾಂಕ?’

‘ಡಿಯರ್ ಫ್ರೆಂಡ್ ಅಷ್ಟ ಬರದೇನ್ರಿ.’

‘ಹೇಳಿದ್ದಿಲ್ಲೇನ ನಾ!’ ಎಂದು ಕೂಗಿದೆ. ಹಾದುಹೋಗುತ್ತಿದ್ದವರು ತಿರುಗಿ ನೋಡಿದರು. ‘ಹಂಗ ಬರದ್ರ ಯಾರು ಅಂಕ ಕೊಡ್ತಾರ? ಎರಡ ಅಂಕದಾಗ ಹೋತು ಅಂದ್ರ ಏನ ಮಾಡ್ತಿ?’

ಅವಳು ನೆಲ ನೋಡಿದಳು. ಇಪ್ಪತ್ತೆರಡು ವರ್ಷದ ಹಿಂದೆ ಮೂರನೆಯ ಸಾಲಿನಲ್ಲಿ ನಿಂತ ಮುಖ ಅದೇ. ಇದು ನನ್ನ ಎರಡನೆಯ ತಪ್ಪು. ಮೊದಲನೆಯದಕ್ಕೆ ಹೊಸಬನೆಂಬ ನೆಪವಿತ್ತು. ಇದಕ್ಕೆ ನೆಪವಿಲ್ಲ. ಅವಳು ಸೆರಗು ಸರಿಮಾಡಿಕೊಂಡು, ‘ಹುಡುಗೂರ ಊಟದ ಹೊತ್ತಾತ್ರಿ, ಬರ್ತೇನಿ,’ ಎಂದು ಟಿಕೋಟಾದ ಬಸ್ಸಿನ ಕಡೆ ನಡೆದಳು.

ನನ್ನ ಕೋಪದ ಹಿಂದಿದ್ದದ್ದು ಲೆಕ್ಕ. ಅಂಥ ಉತ್ತರವನ್ನು ಮೌಲ್ಯಮಾಪಕನೊಬ್ಬ ಹೇಗೆ ನೋಡುತ್ತಾನೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಾನೇ ಹಲವು ವರ್ಷದಿಂದ ಮೌಲ್ಯಮಾಪಕ. ಮಾದರಿ ಉತ್ತರವನ್ನು ಎಡಗಡೆ ಇಟ್ಟುಕೊಂಡು, ವಿಳಾಸವಿಲ್ಲದ, ಸಾಲುಸಾಲಿಗೂ ತಪ್ಪಿರುವ ಪತ್ರ ಕಂಡರೆ ಓದದೆಯೇ ಒಂದು ಅಂಕ ಹಾಕಿ ಮುಂದೆ ಹೋಗುವುದು ನನ್ನ ರೂಢಿ. ಹೆಚ್ಚು ಕೊಟ್ಟರೆ ಯಾರಾದರೂ ಕೇಳಿಯಾರು. ಕಡಿಮೆ ಕೊಟ್ಟರೆ ಯಾರೂ ಕೇಳುವುದಿಲ್ಲ.

ಆ ವರ್ಷವೂ ಮೌಲ್ಯಮಾಪನಕ್ಕೆ ವಿಜಯಪುರ ನಗರದ ಕೇಂದ್ರಕ್ಕೆ ನನ್ನನ್ನು ಹಾಕಿದ್ದರು. ಪತ್ರಿಕೆಗಳು ಬೇರೆ ಜಿಲ್ಲೆಯವು, ನಮ್ಮವು ಇನ್ನೆಲ್ಲಿಗೋ ಹೋಗಿರುತ್ತವೆ. ಯಾರ ಹೆಸರೂ ಇರುವುದಿಲ್ಲ. ನಮ್ಮ ಮೇಜಿಗೆ ಉಪ ಮುಖ್ಯ ಮೌಲ್ಯಮಾಪಕರಾಗಿ ಜಮಾದಾರ ಮೇಡಂ ಎಂಬವರಿದ್ದರು. ನಾವು ನೋಡಿದ ಪತ್ರಿಕೆಗಳಲ್ಲಿ ಕೆಲವನ್ನು ಅವರು ಮತ್ತೆ ನೋಡುತ್ತಿದ್ದರು. ಒಮ್ಮೆ ಹಾಕಿದ ಅಂಕ ಬದಲಾಯಿಸಬೇಕಾದರೆ ಅವರ ಸಹಿ ಬೇಕು. ಅಂಕ ಬದಲಾಯಿಸಿಕೊಳ್ಳಲು ಹೋಗುವುದನ್ನು ನಾನು ಜೀವನದಲ್ಲಿ ಮಾಡಿರಲಿಲ್ಲ. ತಪ್ಪು ಒಪ್ಪಿಕೊಂಡಂತಾಗುತ್ತದಲ್ಲ.

ಮೂರನೆಯ ದಿನ, ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿದ್ದ ಮಧ್ಯಾಹ್ನ, ಒಂದು ಪತ್ರಿಕೆಯ ಪತ್ರದ ಪ್ರಶ್ನೆಗೆ ಕೆಂಪು ಮಸಿಯಲ್ಲಿ ಒಂದು ಹಾಕಿ ಹಾಳೆ ತಿರುವಿದೆ. ಕೈ ತಾನಾಗಿಯೇ ನಿಂತಿತು. ಹಿಂದಕ್ಕೆ ತಿರುವಿ ಓದಿದೆ. ಯಾವುದೋ ಊರಿನ ಹುಡುಗಿ. ವಿಳಾಸವಿಲ್ಲ. ನಾಲ್ಕಕ್ಕೆ ಏಳುತ್ತಾಳೆ. ಎರಡು ಎಮ್ಮೆಗಳ ಹಾಲು ಹಿಂಡುತ್ತಾಳೆ. ಬಸ್ಸಿನಲ್ಲಿ ನಿಂತು ಶಾಲೆಗೆ ಹೋಗುತ್ತಾಳೆ. ‘ಯೆಸ್ಟರ್ಡೇ ಬಸ್ ನಾಟ್ ಕೇಮ್. ಐ ವಾಕ್ಡ್. ಮೈ ಫ್ರೆಂಡ್ ಆಲ್ಸೋ ವಾಕ್ಡ್. ವಿ ಸ್ಯಾಂಗ್.’

ನೀಲವ್ವನ ಪತ್ರಿಕೆಯೂ ಈ ಹೊತ್ತಿಗೆ ಯಾವುದೋ ಊರಿನಲ್ಲಿ, ಯಾವುದೋ ಮೇಜಿನ ಮೇಲೆ, ನನ್ನಂಥವನೊಬ್ಬನ ಮುಂದೆ ಬಿದ್ದಿರಬೇಕು.

ಪತ್ರಿಕೆ ಹಿಡಿದು ಎದ್ದೆ. ಮೇಜಿನ ತುದಿಯವರೆಗಿನ ಆ ಹತ್ತು ಹೆಜ್ಜೆ ನನಗೆ ಇಂದಿಗೂ ನೆನಪಿದೆ.

‘ಏನಾತ್ರಿ ಸರ್?’ ಎಂದರು ಮೇಡಂ.

‘ಅಂಕ ತಿದ್ದಬೇಕಾಗೇತ್ರಿ ಮೇಡಂ. ಒಂದು ಹಾಕೇನಿ. ಮೂರು ಮಾಡಬೇಕು.’

‘ಕೂಡಸೂದ್ರಾಗ ತಪ್ಪಾತೇನ್ರಿ?’

‘ಇಲ್ರಿ. ಓದೂದ್ರಾಗ ತಪ್ಪಾತು.’

ಅವರು ಕನ್ನಡಕ ಏರಿಸಿ ಪತ್ರಿಕೆ ನೋಡಿದರು. ‘ವಿಳಾಸ ಇಲ್ಲ, ದಿನಾಂಕ ಇಲ್ಲ. “ಬಸ್ ನಾಟ್ ಕೇಮ್” ಅಂತ ಬರದಾಳ್ರಿ. ಮೂರು ಹೆಂಗ ಕೊಡ್ತೀರಿ?’

‘ವಿಳಾಸದ ಅಂಕ ಕೊಟ್ಟಿಲ್ರಿ. ತಪ್ಪಿಗಿ ಕಡಿಮಿ ಮಾಡೇನಿ. ಆದ್ರ ಬಸ್ ಬರಲಿಲ್ಲ ಅನ್ನೂದು ನಿಮಗ ತಿಳೀತಲ್ರಿ?’

ಬಿರಾದಾರ ಸರ್ ಕೇಳಿದ ಪ್ರಶ್ನೆ ನನ್ನ ಬಾಯಿಂದ ಬಂದಿತ್ತು. ಅಕ್ಕಪಕ್ಕದವರು ಬರೆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು.

ಮೇಡಂ ಇನ್ನೊಮ್ಮೆ ಓದಿದರು. ‘ಹಾಡಕೋತ ಹೋಗ್ಯಾರ ನೋಡ್ರಿ,’ ಎಂದರು, ತಮಗೆ ತಾವೇ ಹೇಳಿಕೊಂಡಂತೆ. ಅಂಕ ಹೊಡೆದು ಮೂರು ಮಾಡಿ ಪಕ್ಕದಲ್ಲಿ ಸಹಿ ಹಾಕಿದರು. ಪತ್ರಿಕೆ ವಾಪಸು ಕೊಡುತ್ತ, ‘ಸರ್, ಇದೊಂದ ಹಿಂಗಾತೋ, ಮತ್ತ ಅದಾವೋ?’ ಎಂದು ಕೇಳಿದರು.

ನಾನು ಜಾಗಕ್ಕೆ ಮರಳಿ, ನೋಡಿ ಮುಗಿಸಿದ್ದ ಪತ್ರಿಕೆಗಳನ್ನು ಮೊದಲಿನಿಂದ ತಿರುವಿದೆ. ಆ ದಿನದ ಬಂಡಲಿನಲ್ಲಿ ಇನ್ನೂ ನಾಲ್ಕು ಸಿಕ್ಕವು. ನಾಲ್ಕು ಸಲವೂ ಎದ್ದು ಹೋದೆ. ಹಿಂದಿನ ಎರಡು ದಿನದ ಬಂಡಲುಗಳು ಸೀಲಾಗಿ ಒಳಕೋಣೆಗೆ ಹೋಗಿದ್ದವು. ಹಿಂದಿನ ವರ್ಷಗಳದ್ದು ಕೇಳಲೇಬೇಡಿ. ಹೊಸ ಮಿತ್ರರೇ, ನಿಮ್ಮ ವೃತ್ತಿಯಲ್ಲಿ ನೀವು ಎಂದೂ ಕಾಣದ ಮಕ್ಕಳೇ ನೀವು ಕಲಿಸಿದ ಮಕ್ಕಳಿಗಿಂತ ಹೆಚ್ಚು. ಅವರು ನಿಮ್ಮನ್ನು ಬಂದು ಕೇಳಲಾರರು.

ಫಲಿತಾಂಶದ ದಿನ ಬೆಳಿಗ್ಗೆಯೇ ವಿಜಯಪುರದ ಇಬ್ರಾಹಿಂಪುರದಲ್ಲಿದ್ದ ನನ್ನ ಮನೆಯಿಂದ ಹೊರಟು ಗೋಳಗುಮ್ಮಟದ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ. ಅವಳ ನೋಂದಣಿ ಸಂಖ್ಯೆ ನನ್ನ ಎರಡನೆಯ ವಹಿಯ ಕೊನೆಯ ಪುಟದಲ್ಲಿತ್ತು. ಕಂಪ್ಯೂಟರಿನಲ್ಲಿ ಫಲಿತಾಂಶದ ಪುಟ ತೆರೆಯಲೇ ಇಲ್ಲ. ಅಂಗಡಿಯವನು, ‘ಎಲ್ಲಾರೂ ಒಮ್ಮೆಲೆ ನೋಡಾಕತ್ತಾರ್ರಿ ಸರ್. ಚಾ ಕುಡದ ಬರ್ರಿ,’ ಎಂದ. ಒಂದು ಗಂಟೆ ಕಾದೆ. ಅವಳಿಗೆ ಫೋನು ಮಾಡಿದರೆ ಎತ್ತಲಿಲ್ಲ. ಗೇಟಿನ ಹೊರಗೆ ಕೂಗಾಡಿದ ದಿನದಿಂದ ನಾವು ಮಾತನಾಡಿರಲಿಲ್ಲ. ಬಸ್ ನಿಲ್ದಾಣಕ್ಕೆ ನಡೆದು ಟಿಕೋಟಾದ ಬಸ್ ಹತ್ತಿದೆ.

ಬೇಸಿಗೆಯ ಅರ್ಧ ದಿನದ ಅಂಗನವಾಡಿ. ಮಕ್ಕಳು ಸಾಲಾಗಿ ಕುಳಿತು ಉಣ್ಣುತ್ತಿದ್ದರು. ನೀಲವ್ವ ಸೌಟು ಹಿಡಿದು ಬಗ್ಗಿದ್ದಳು. ನನ್ನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಬೇರೆಯೋ ತಿಳಿಯಲಿಲ್ಲ.

‘ಕೂಡ್ರಿ ಸರ್.’

‘ನೀಲವ್ವ...’

‘ಬಿಸಲಾಗ ಬಂದೀರಿ. ಮೊದಲ ನೀರ ಕುಡೀರಿ.’

ಚೊಂಬು ಕೊಟ್ಟಳು. ಒಂದು ಮಗು ಅನ್ನ ಚೆಲ್ಲಿತು. ಅವಳು ಹೋಗಿ ಬಳಿದಳು, ಇನ್ನೊಂದಕ್ಕೆ ಬಡಿಸಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು.

‘ಮುಂಜಾನಿ ಸೂಪರವೈಜರ್ ಅಕ್ಕೋರು ಫೋನ್ ಮಾಡಿದ್ರರಿ. ಆತಂತ.’

‘ಏನು ಆತು?’

‘ಪಾಸ್ ರಿ. ಬೇಕಾದ್ದಕ್ಕಿಂತ ಒಂದ ಅಂಕ ಹೆಚ್ಚ ಐತಂತ.’

ಒಂದು ಅಂಕ. ಯಾವುದೋ ಊರಿನ ಯಾವ ಶಿಕ್ಷಕರು ಆ ಪತ್ರವನ್ನು ಓದಿದರೋ, ನನಗೆ ಇಂದಿಗೂ ಗೊತ್ತಿಲ್ಲ. ಓದಿದರು ಎಂಬುದಷ್ಟೇ ಗೊತ್ತು. ನಾನು ಚೊಂಬು ಕೆಳಗಿಟ್ಟು ಗೋಡೆಗೆ ಒರಗಿದೆ. ಕೊನೆಗೆ ಮಾಸ್ತರನ ಮಾತೇ ಬಾಯಿಗೆ ಬಂತು.

‘ಅದನ್ನ ಇಂಗ್ಲೀಷಿನ್ಯಾಗ ಹೇಳು, ಕೇಳೂಣು.’

ಅವಳು ನಕ್ಕಳು. ನನ್ನೆದುರು ಅವಳು ಬಾಯಿ ತುಂಬ ನಕ್ಕಿದ್ದು ಅದೇ ಮೊದಲು.

‘ಬ್ಯಾಡ್ರಿ ಸರ್. ನೀವು ಮತ್ತ, “ರೀ ತೆಗೆದು ಹೇಳು” ಅಂತೀರಿ.’

ಹಾಗಾದರೆ ನೆನಪಿತ್ತು. ಇಪ್ಪತ್ತೆರಡು ವರ್ಷ ನೆನಪಿಟ್ಟುಕೊಂಡೂ ಬಾಗಿಲಿಗೆ ಬಂದಿದ್ದಳು, ಚಾಪೆಯ ಮೇಲೆ ಕುಳಿತು ಕಲಿತಿದ್ದಳು, ಒಂದು ದಿನವೂ ಆಡಿ ತೋರಿಸಿರಲಿಲ್ಲ. ನಾನು ತಲೆ ತಗ್ಗಿಸಿದೆ. ಈ ಸಲ ನೆಲ ನೋಡುವ ಸರದಿ ನನ್ನದಾಗಿತ್ತು.

‘ಅದು ನನ್ನ ತಪ್ಪು ನೀಲವ್ವ. ಇಟ್ಟಕೊಂಡ ಹೇಳು,’ ಎಂದೆ.

ಅವಳು ಸೌಟನ್ನು ಪಾತ್ರೆಯಲ್ಲಿಟ್ಟು, ಕೈ ಒರೆಸಿಕೊಂಡು, ಹಿಂದೆ ತರಗತಿಯಲ್ಲಿ ಎದ್ದು ನಿಲ್ಲುತ್ತಿದ್ದಂತೆ ನೆಟ್ಟಗೆ ನಿಂತಳು. ಮಕ್ಕಳು ಉಣ್ಣುವುದನ್ನು ಬಿಟ್ಟು ಅವಳನ್ನೇ ನೋಡಿದರು.

‘ಐ ಪಾಸ್ಡ್ ರೀ ಸರ್.’